ಒಲೆ ಹಚ್ಚಲು ಒಬ್ಬ ಯಹೂದಿ ಬೇಕಾಗಿದ್ದಾನೆ

ಆಹಾರ ತಯಾರಿಸುವ ಕಾರ್ಖಾನೆಯ ಕ್ವಾಲಿಟಿ ವಿಭಾಗಕ್ಕೆ ಸೇರಿದವರಿಗೆ ಮೊದಲ ದಿನ ಒಂದು ಬಿಳಿ ಕೋಟು, ತಲೆಗೂದಲಿಗೆ ಬಲೆ ಮತ್ತು ಒಂದು ಪೆನ್ನು ಕೊಡುತ್ತಾರೆ. ಕೋಟು ಒಗೆಯಲು ಹೋಗುತ್ತದೆ, ಬಲೆ ಕಸಕ್ಕೆ ಹೋಗುತ್ತದೆ. ಪೆನ್ನು ಮಾತ್ರ ನಿವೃತ್ತಿಯವರೆಗೆ ಕೈಬಿಡುವುದಿಲ್ಲ. ಶೀಟಿನಲ್ಲಿ ಬರೆಯದ ಕೆಲಸವನ್ನು ಆಗಿಲ್ಲವೆಂದೇ ತಿಳಿಯಬೇಕು, ಇದು ನಮ್ಮ ವೃತ್ತಿಯ ನಿಯಮ. ಬೇಳೆ ಕುದಿದಿರಬಹುದು, ಘಮ ಬಂದಿರಬಹುದು, ಜನ ಉಂಡು ಕೈ ತೊಳೆದೂ ಆಗಿರಬಹುದು. ಉಷ್ಣತೆಯ ಶೀಟಿನಲ್ಲಿ ಅಂಕಿ ಇಲ್ಲದಿದ್ದರೆ ಆ ಬೇಳೆ ಬೆಂದಿಲ್ಲ.

ಈ ಚಟ ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಕೆಲಸಕ್ಕೆ ಸೇರಿದ ದಿನದಿಂದ ಡೈರಿ ಬರೆದಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಅದು ನನ್ನನ್ನು ಸದಾ ಸ್ವಲ್ಪ ಜಾಣೆಯನ್ನಾಗಿ, ಸ್ವಲ್ಪ ತೆಳ್ಳಗಿನವಳನ್ನಾಗಿ ತೋರಿಸುತ್ತದೆ. ಡೈರಿ ಅಂಥ ಉಪಕಾರ ಮಾಡುವುದಿಲ್ಲ.

ಮೊನ್ನೆ ಕನ್ನಡ ಬಳಗದ ಊಟದಲ್ಲಿ, ಫುಡ್ ಸೈನ್ಸ್ ಓದಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಕೇಳಿದಳು: "ಆಂಟಿ, ಟ್ರೇನಿಂಗಲ್ಲಿ ಹೇಳೋದೆಲ್ಲ ಬಿಡಿ. ಈ ಜಾಬ್ ರಿಯಲೀ ಹೇಗಿರುತ್ತೆ?" ಆಡಿಟ್‌ಗಳ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ನೆನಪಿಗೆ ಬಂದವನು ಮಾತ್ರ ನಮ್ಮ ಕಾರ್ಖಾನೆಯ ಸೆಮ್ಯೋನ್. ಅಲ್ಲಿ ಹೇಳಲು ಹೊತ್ತು ಸಾಲಲಿಲ್ಲ. ಪಾಯಸ ಬಂತು.

ನಮ್ಮ ಕಾರ್ಖಾನೆ, ನಾವು ವಲಸೆ ಬಂದ ಈ ಚಳಿದೇಶದ ಮಾರ್ಕಮ್‌ ಊರಿನಲ್ಲಿತ್ತು. ದಾಲ್, ರಾಜ್ಮಾ, ಛೋಲೆಗಳನ್ನು ಬೇಯಿಸಿ ಪೊಟ್ಟಣದಲ್ಲಿ ತುಂಬಿ ಮಾರುವುದು ನಮ್ಮ ವ್ಯಾಪಾರ. ಮಾಲೀಕರು ಹರೀಶ್‌ಭಾಯಿ, ಆಫ್ರಿಕಾದಲ್ಲಿ ಬೆಳೆದ ಗುಜರಾತಿ. ಕಾರ್ಖಾನೆಯಲ್ಲಿ ಎಲ್ಲರೂ ಆಡುತ್ತಿದ್ದದ್ದು ಅವರವರ ಇಂಗ್ಲಿಷು. ಆದರೆ ನಾನು ಧಾರವಾಡದವಳು. ಡೈರಿ ಬರೆಯಲು ಕೂತರೆ ಎಲ್ಲರ ಬಾಯಲ್ಲೂ ನಮ್ಮೂರ ಮಾತೇ ಬರುತ್ತಿತ್ತು. ಹರೀಶ್‌ಭಾಯಿಗೆ ಹಿಂದಿ ಬೆರೆತ ಪೇಟೆ ಕನ್ನಡವನ್ನೂ, ಮುಂದೆ ಬರುವ ಯಹೂದಿ ಧರ್ಮಗುರು ರಬ್ಬಿಯವರಿಗೆ, ಗಡ್ಡಕ್ಕೆ ಮರ್ಯಾದೆ ಕೊಟ್ಟು, ಮೈಸೂರು ಕಡೆಯ ಕನ್ನಡವನ್ನೂ ಕೊಟ್ಟಿದ್ದೇನೆ. ಇಲ್ಲಿಯೂ ಹಾಗೇ ಬಿಡುತ್ತೇನೆ.

ಒಂದು ದಿನ ಹರೀಶ್‌ಭಾಯಿ ಕುಣಿಯುತ್ತ ನನ್ನ ಲ್ಯಾಬಿಗೆ ಬಂದರು. ದೊಡ್ಡ ಅಂಗಡಿಗಳ ಸರಣಿಯೊಂದು ನಮ್ಮ ದಾಲ್ ಮಾರಲು ಒಪ್ಪಿತ್ತು, ಆದರೆ ಪೊಟ್ಟಣದ ಮೇಲೆ ಕೋಶರ್ ಮುದ್ರೆ ಇರಬೇಕಿತ್ತು. ಯಹೂದಿಗಳ ಧರ್ಮದ ಪ್ರಕಾರ ತಿನ್ನಲು ಯೋಗ್ಯ ಎನ್ನುವ ಮುದ್ರೆ ಅದು.

"ನಮ್ದು ಶುದ್ಧ ವೆಜಿಟೇರಿಯನ್, ವಿಜಯಾಬೆನ್. ಇನ್ನೇನ್ ಬೇಕಂತೆ ಅವ್ರಿಗೆ? ಅರ್ಧ ದಿನದ ಕೆಲ್ಸ!"

ನನಗೂ ಹಾಗೇ ಅನ್ನಿಸಿತ್ತು. ಕಪ್ಪು ಕೋಟಿನ ಎತ್ತರದ ರಬ್ಬಿಯವರು ಕೈಯಲ್ಲಿ ಟಾರ್ಚು ಹಿಡಿದು ಬಂದರು. ಮೊದಲು ಹೋದದ್ದು ಕೊತ್ತಂಬರಿಯ ಕ್ರೇಟಿನ ಹತ್ತಿರ.

"ಇದರಲ್ಲಿ ಹುಳ ಎಷ್ಟಿರಬಹುದು ಅಂತ ನಿಮ್ಮ ನಿಯಮ, ಮೇಡಂ?"

ನಾನು ಹೆಮ್ಮೆಯಿಂದ ಸರ್ಕಾರದ ಮಿತಿ ಹೇಳಿದೆ.

"ನಮ್ಮಲ್ಲಿ ಒಂದೂ ಇರಬಾರದು" ಎಂದು ಎಲೆಯೊಂದನ್ನು ಬೆಳಕಿಗೆ ಹಿಡಿದು ನನ್ನ ಕೈಗೆ ಕೊಟ್ಟರು. ಎಲೆಯ ಹಿಂದೆ ಹಸಿರು ಬಣ್ಣದ್ದೊಂದು ಆರಾಮಾಗಿ ನಡೆಯುತ್ತಿತ್ತು. ಎಂಎಸ್ಸಿ ಮಾಡಿದ ನನಗಿಂತ, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ಅಜ್ಜಿಯ ಜೊತೆ ಅವರು ಚೆನ್ನಾಗಿ ಹೊಂದಿಕೊಳ್ಳುತ್ತಿದ್ದರು. ಅಂದಿನಿಂದ ಸೊಪ್ಪನ್ನು ಸೋಪಿನ ನೀರಲ್ಲಿ ನೆನೆಸಿ, ಮೂರು ಸಲ ತೊಳೆದು, ದೀಪದ ಮೇಜಿನ ಮೇಲೆ ನೋಡುವ ಪದ್ಧತಿ ಬಂತು. ಇವತ್ತಿಗೂ ನನ್ನ ಮನೆಗೆ ಬಂದವರು ಕೊತ್ತಂಬರಿ ಹೆಚ್ಚಲು ಹೆದರುತ್ತಾರೆ.

ಕೊನೆಗೆ ರಬ್ಬಿಯವರು ಒಲೆಗಳ ಮುಂದೆ ನಿಂತರು. ಸಾಲಾಗಿ ನಾಲ್ಕು ದೊಡ್ಡ ಕೊಪ್ಪರಿಗೆ, ಕೆಳಗೆ ಗ್ಯಾಸ್ ಬರ್ನರ್. "ಬೇಳೆಯಂಥ ಪದಾರ್ಥ ಬೇಯಿಸುವಾಗ ಯಹೂದಿಯ ಕೈ ಎಲ್ಲೋ ಒಂದು ಕಡೆ ಸೇರಿರಬೇಕು. ಬೆಳಗ್ಗೆ ಬೆಂಕಿ ಹಚ್ಚಿಕೊಟ್ಟರೂ ಸಾಕು. ನಿಮ್ಮಲ್ಲಿ ಯಹೂದಿಗಳು ಯಾರಾದರೂ ಇದ್ದಾರೆಯೇ?"

ಹರೀಶ್‌ಭಾಯಿ ನನ್ನ ಕಡೆ ನೋಡಿದರು, ಎಲ್ಲೋ ಒಬ್ಬನನ್ನು ನಾನು ಬಚ್ಚಿಟ್ಟಿರಬಹುದು ಎಂಬಂತೆ. ಆಗ ಪ್ಯಾಕಿಂಗ್ ಯಂತ್ರದ ಕೆಳಗಿಂದ ಎರಡು ಬೂಟುಗಾಲು ಹೊರಬಂದವು. ಅವುಗಳ ಹಿಂದೆ ಗ್ರೀಸು ಮೆತ್ತಿಕೊಂಡ ಸೆಮ್ಯೋನ್ ಬಂದ.

"ನಾ ಅದೀನಲ್ರಿ!"

ಸೆಮ್ಯೋನ್ ನಮ್ಮ ಮೆಕ್ಯಾನಿಕ್. ಒಡೆಸ್ಸಾದಿಂದ ಬಂದವನು, ನನಗಿಂತ ನಾಲ್ಕು ವರ್ಷ ಚಿಕ್ಕವನು. ಸಂಜೆ ಶಿಫ್ಟು ಅವನಿಗೆ ಕಾಯಂ ಆಗಿತ್ತು, ಅದನ್ನು ಬೈಯುವುದೂ ಕಾಯಂ ಆಗಿತ್ತು. ಅವನು ಯಹೂದಿ ಎಂಬುದು ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಬಹಳ ದಿನದಿಂದ ನೆನಪಾಗಿರಲಿಲ್ಲವೆಂದು ಕಾಣುತ್ತದೆ.

"ಶಬ್ಬಾತ್ ಪಾಲಿಸುತ್ತೀರಾ?" ರಬ್ಬಿ ಕೇಳಿದರು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಕೆಲಸ ಮಾಡುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಕಾರು ಓಡಿಸುವಂತಿಲ್ಲ. ಒಲೆ ಹಚ್ಚುವವನು ಅದನ್ನು ಪಾಲಿಸುವವನೇ ಆಗಿರಬೇಕು.

ಹರೀಶ್‌ಭಾಯಿ ಆ ಹೊತ್ತಿಗೆ ಒಲೆ ಹಚ್ಚುವವನಿಗೆ ಏನೇನು ಸಿಗುತ್ತದೆಂದು ಬೆರಳು ಮಡಿಸಿ ಹೇಳತೊಡಗಿದ್ದರು: ಬೆಳಗಿನ ಶಿಫ್ಟು, ಶುಕ್ರವಾರ ಬೇಗ ಮನೆಗೆ, ಬಾಗಿಲ ಹತ್ತಿರದ ಪಾರ್ಕಿಂಗ್.

"ಭಾಳ ಶ್ರದ್ಧಾದಿಂದ ಪಾಲಸ್ತೀನ್ರಿ" ಎಂದ ಸೆಮ್ಯೋನ್. ಉತ್ತರ ರಬ್ಬಿಗೆ, ಕಣ್ಣು ಹರೀಶ್‌ಭಾಯಿಯ ಬೆರಳುಗಳ ಮೇಲೆ.

ಆ ದಿನ ನಾನು ಧರ್ಮಗಳ ವೈವಿಧ್ಯದ ಬಗ್ಗೆ ಏನೋ ಆಳವಾಗಿ ಯೋಚಿಸಿದೆ ಎಂದು ನೆನಪು. ಡೈರಿಯಲ್ಲಿರುವುದು ಇಷ್ಟೇ: "ಸೆಮ್ಯೋನ್ ಯಹೂದಿಯಂತೆ. ಬಾಗಿಲ ಹತ್ತಿರದ ಪಾರ್ಕಿಂಗ್ ಹೋಯಿತು." ಆ ಜಾಗವನ್ನು ಹರೀಶ್‌ಭಾಯಿ ನನಗೆ ಮಾತುಕೊಟ್ಟು ಒಂದು ವರ್ಷವಾಗಿತ್ತು. ಫೆಬ್ರವರಿಯ ಚಳಿಯಲ್ಲಿ ಕಾರಿನಿಂದ ಬಾಗಿಲವರೆಗೆ ನಡೆದವರಿಗೆ ಮಾತ್ರ ಈ ದುಃಖ ತಿಳಿಯುತ್ತದೆ.

ಮರುದಿನ ಸೆಮ್ಯೋನ್ ತಲೆಯ ಮೇಲೆ ಪುಟ್ಟ ನೀಲಿ ಟೋಪಿ ಇಟ್ಟುಕೊಂಡು ಬಂದ. ಯಾರದೋ ಮದುವೆಯಲ್ಲಿ ಹಂಚಿದ್ದು. ಒಳಗೆ ವಧೂವರರ ಹೆಸರು ಅಚ್ಚಾಗಿತ್ತು.

"ಅವರಿಬ್ಬರದೂ ಡೈವೋರ್ಸ್ ಆಗಿ ಆರು ವರ್ಷ ಆತು, ಡಾಕ್ಟರ. ಟೋಪಿ ಮಾತ್ರ ಇನ್ನೂ ಗಟ್ಟಿ ಅದ."

ನಾನು ಡಾಕ್ಟರಲ್ಲ. ಬಿಳಿ ಕೋಟು ಹಾಕಿಕೊಂಡು ಎಲ್ಲರ ಕೆಲಸದಲ್ಲಿ ರೋಗ ಹುಡುಕುತ್ತೇನೆ ಎಂದು ಅವನು ಇಟ್ಟ ಹೆಸರು.

ಮೊದಲ ಆರು ವಾರ ಪರೀಕ್ಷೆಯ ಕಾಲ. ದಿನವೂ ರಬ್ಬಿಯವರೇ ಬಂದು ಒಲೆ ಹಚ್ಚುತ್ತಿದ್ದರು. ಸೆಮ್ಯೋನ್ ಪಕ್ಕದಲ್ಲಿ ಕೈಕಟ್ಟಿ ನಿಂತು ಬಟನ್ ಒತ್ತುವುದನ್ನು ಕಲಿಯುತ್ತಿದ್ದ. ಆ ಬಟನ್ ಜೋಡಿಸಿದವನೂ ಅವನೇ. ಒಂದು ಸೋಮವಾರ ರಬ್ಬಿ ಕೇಳಿದರು, "ಶಬ್ಬಾತ್ ಹೇಗಿತ್ತು?"

"ಭಾಳ ಬಿಜಿ ಇತ್ರಿ."

ಏನನ್ನೂ ಮಾಡಬಾರದ ದಿನದ ಬಗ್ಗೆ ಈ ಉತ್ತರ. ರಬ್ಬಿಯವರು ಗಡ್ಡ ಸವರಿಕೊಂಡು ಚಾವಣಿ ನೋಡಿದರು.

ಏಳನೆಯ ವಾರ ಒಲೆ ಸೆಮ್ಯೋನ್‌ನ ಕೈಗೆ ಬಂತು. ಅದರ ಪಕ್ಕಕ್ಕೆ ನನ್ನ ಶೀಟು: ತಾರೀಖು, ವೇಳೆ, ಹಚ್ಚಿದವರು, ಷರಾ, ಕೊನೆಗೆ ಪರಿಶೀಲಿಸಿದ ನನ್ನ ಸಹಿ. ಅದೇ ವಾರ ನನ್ನ ವೃತ್ತಿಜೀವನದ ಅತಿದೊಡ್ಡ ತಪ್ಪನ್ನು ನಾನು ಮಾಡಿದೆ. ಹೊಸಬರು ಇದನ್ನು ಗಮನವಿಟ್ಟು ಓದಬೇಕು.

ಗುರುವಾರ ಬೆಳಗ್ಗೆ ಹಿಮ ಸುರಿಯುತ್ತಿತ್ತು. ನಾನು ಮನೆಯಿರುವ ಅರೋರಾದಿಂದ ಹೇಗೋ ಬಂದು ಮುಟ್ಟಿದ್ದೆ. ಸೆಮ್ಯೋನ್ ಹೈವೇಯಲ್ಲಿ ಉರುಳಿದ ಟ್ರಕ್ಕಿನ ಹಿಂದೆ ಸಿಕ್ಕಿಬಿದ್ದಿದ್ದ. ಹರೀಶ್‌ಭಾಯಿ ಬರ್ಲಿಂಗ್ಟನ್‌ನ ಗೋದಾಮಿನಲ್ಲಿದ್ದರು, ಫೋನ್ ಎತ್ತಲಿಲ್ಲ. ನೆನೆದ ಬೇಳೆ ಕೊಪ್ಪರಿಗೆಯಲ್ಲಿತ್ತು, ಕೆಲಸದವರು ಕೈಕಟ್ಟಿ ನಿಂತಿದ್ದರು. ಆಗ ನನಗೆ ಹೊಳೆಯಿತು: ಇವತ್ತು ಏಕಾದಶಿ. ತಲೆಗೆ ಸ್ನಾನ ಮಾಡಿದ್ದೇನೆ, ಉಪವಾಸವಿದ್ದೇನೆ, ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ಸ್ನಾನವಾದವರೇ ಒಲೆ ಹಚ್ಚಬೇಕಿತ್ತು. ಇವರದೂ ಅಂಥದೇ ಮಡಿಯಲ್ಲವೆ? ನನಗಿಂತ ಮಡಿ ಈ ಕಾರ್ಖಾನೆಯಲ್ಲಿ ಇನ್ನಾರು?

ಕೈ ತೊಳೆದೆ. ಉಕ್ಕಿನ ಮೂತಿಯ ಸೇಫ್ಟಿ ಶೂ ಬಿಚ್ಚಿಟ್ಟೆ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ನಾನೇ ಮನೆಗೆ ಕಳಿಸುತ್ತಿದ್ದೆ. ಬರಿಗಾಲಲ್ಲಿ ನಿಂತು, ಕೈಮುಗಿದು, ನಾಲ್ಕೂ ಬಟನ್ ಒತ್ತಿದೆ. ಶೀಟಿನಲ್ಲಿ ಪ್ರಾಮಾಣಿಕವಾಗಿ ಬರೆದೆ: "ಹಚ್ಚಿದವರು: ವಿಜಯಾ. ಷರಾ: ಸ್ನಾನ ಆಗಿದೆ."

ಮಧ್ಯಾಹ್ನ ರಬ್ಬಿಯವರು ಆ ಸಾಲನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದರು.

"ಮೇಡಂ, ನಿಮ್ಮಷ್ಟು ಶುದ್ಧವಾದವರು ಈ ಕಟ್ಟಡದಲ್ಲಿ ಯಾರೂ ಇಲ್ಲ. ಆದರೆ ಇದು ಶುದ್ಧಿಯ ವಿಷಯವಲ್ಲ."

"ಮತ್ತ ಏನ್ರಿ ಅದು?"

"ಯಾರಿಗೆ ಈ ಕೆಲಸ ವಹಿಸಲಾಗಿದೆ ಅನ್ನುವ ವಿಷಯ. ಅದು ನಿಮಗಲ್ಲ."

ಆ ವಾರದ ಸರಕಷ್ಟೂ ಮುದ್ರೆಯಿಲ್ಲದೆ ಹೋಗಬೇಕೆಂದು ಅವರು ತೀರ್ಪು ಕೊಟ್ಟರು. ಗುರುವಾರದ್ದೇಕೆ, ಸೋಮವಾರದಿಂದ ಎಲ್ಲವೂ ಎಂದರು. ಅದು ಯಾಕೆ ಎಂದು ನಾನಾಗ ಕೇಳಲಿಲ್ಲ. ತಪ್ಪು ಮಾಡಿದವರು ಪ್ರಶ್ನೆ ಕಡಿಮೆ ಕೇಳುತ್ತಾರೆ. ಹರೀಶ್‌ಭಾಯಿ ಮಾತ್ರ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಅರೇ ವಿಜಯಾಬೆನ್! ನಿಮ್ಗೆ ಇವತ್ತೇ ಸ್ನಾನ ಮಾಡ್ಬೇಕಿತ್ತಾ?"

ಮರುವಾರ ರಬ್ಬಿಯವರ ಸೂಚನೆಯಂತೆ ಪ್ರತಿ ಬರ್ನರಿಗೂ ಒಂದೊಂದು ಪೈಲಟ್ ಬಂತು. ಹಗಲೂ ರಾತ್ರಿ ಆರದೆ ಉರಿಯುವ ಬೆರಳುದ್ದದ ನೀಲಿ ಜ್ವಾಲೆ ಅದು. ಬಟನ್ ಒತ್ತಿದರೆ ದೊಡ್ಡ ಬೆಂಕಿ ಅದರಿಂದಲೇ ಹತ್ತಿಕೊಳ್ಳುತ್ತದೆ. "ಸುರಕ್ಷತೆಗೆ" ಎಂದರು ರಬ್ಬಿ. ಜೋಡಿಸಿದವನು ಸೆಮ್ಯೋನ್. ಜೋಡಿಸಿದ ಮೇಲೆ ರಬ್ಬಿಯವರು ಅವನನ್ನು ಏನೋ ಸ್ಪ್ಯಾನರ್ ತರಲು ಕಳಿಸಿದರು, ಕಪ್ಪು ಕೋಟಿನಲ್ಲೇ ನೆಲಕ್ಕೆ ಮಂಡಿಯೂರಿ ಒಲೆಯ ಕೆಳಗೆ ಬಗ್ಗಿದರು. ಜಿರಲೆ ಹುಡುಕುತ್ತಿದ್ದಾರೆಂದು ನಾನು ಗಾಬರಿಯಾದೆ. "ಇದನ್ನು ಆರಿಸಬೇಡಿ. ಗ್ಯಾಸ್ ಮುಚ್ಚುವ ದಿನ ನನಗೆ ಮೊದಲೇ ಫೋನ್ ಮಾಡಿ" ಎಂದು ಎದ್ದರು. ಅಂದಿನಿಂದ ಪ್ರತಿವರ್ಷ ಗ್ಯಾಸ್ ಸರ್ವೀಸಿಂಗ್ ದಿನ ತಪ್ಪದೆ ಬರುತ್ತಿದ್ದರು. ಹೋಗುವಾಗ ಒಂದು ಬಟ್ಟಲು ದಾಲ್ ಕುಡಿಯುತ್ತಿದ್ದರು. ದಾಲ್‌ಗಾಗಿಯೇ ಬರುತ್ತಾರೆ ಎಂದು ನಾನು ಡೈರಿಯಲ್ಲಿ ಬರೆದಿದ್ದೇನೆ.

ಇನ್ನು ಸೆಮ್ಯೋನ್‌ನ ಧರ್ಮಪಾಲನೆ. ಚಳಿಗಾಲದಲ್ಲಿ ಶುಕ್ರವಾರ ನಾಲ್ಕೂವರೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಅವನು ಎರಡಕ್ಕೆ ಹೊರಡುವುದು ನ್ಯಾಯ. ಜೂನ್ ಬಂತು. ಜೂನ್‌ನಲ್ಲಿ ಇಲ್ಲಿ ಒಂಬತ್ತಕ್ಕೂ ಬೆಳಕಿರುತ್ತದೆ. ಸೆಮ್ಯೋನ್ ಮಾತ್ರ ಎರಡಕ್ಕೇ ಕೈ ತೊಳೆದ. ಹರೀಶ್‌ಭಾಯಿ ಫೋನಿನಲ್ಲಿ ಸೂರ್ಯಾಸ್ತದ ವೇಳೆ ತೆರೆದು ಅಡ್ಡ ನಿಂತರು.

"ಸೂರಜ್ ಇನ್ನೂ ಏಳು ಗಂಟೆ ಇರ್ತಾನೆ, ಯಾರ್! ಎಲ್ಲಿಗೆ?"

"ಆತ್ಮಾ ತಯಾರ ಮಾಡ್ಕೋಬೇಕಲ್ರಿ."

"ಏಳು ತಾಸು?"

"ನಂದು ಭಾಳ ಹೊಲಸ ಆಗೇದ್ರಿ."

ಅವನು ಶನಿವಾರ ಹೇಗೆ ಕಳೆಯುತ್ತಿದ್ದ ಎಂಬುದು ನನಗೆ ಆ ಬೇಸಿಗೆಯಲ್ಲೇ ತಿಳಿಯಿತು. ಕೋಶರ್ ಆದಮೇಲೆ ಕಾರ್ಖಾನೆಗೆ ಶನಿವಾರ ರಜೆ, ಹಾಗಾಗಿ ನಾನು ಮಾರ್ಕಮ್‌ನ ದೊಡ್ಡ ಚೀನೀ ಮಾಲಿಗೆ ತರಕಾರಿಗೆ ಹೋಗಿದ್ದೆ. ಫುಡ್‌ಕೋರ್ಟಿನಲ್ಲಿ ಸೆಮ್ಯೋನ್ ಚೀನೀ ಮುದುಕರ ಜೊತೆ ಚದುರಂಗ ಆಡುತ್ತ, ಸಿಗಡಿಯ ತಟ್ಟೆಯೊಂದನ್ನು ಮುಂದಿಟ್ಟುಕೊಂಡು ಕೂತಿದ್ದ. ಸಿಗಡಿ ಯಹೂದಿಗಳಿಗೆ ಯಾವ ದಿನವೂ ನಿಷಿದ್ಧ. ನನ್ನನ್ನು ನೋಡಿ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡ, ನಾನು ಟೋಪಿಯಿಂದಲೇ ಅವನನ್ನು ಗುರುತಿಸುತ್ತೇನೆ ಎಂಬಂತೆ.

ಈ ಚಿತ್ರ ನನ್ನ ಕಣ್ಣಿಗೆ ಕಟ್ಟಿದೆ. ಡೈರಿ ತೆಗೆದರೆ ಸಿಗಡಿ ಇಲ್ಲ. "ನೂಡಲ್ಸ್" ಎಂದಿದೆ. ಸಿಗಡಿ ನನ್ನ ನೆನಪು ಆಮೇಲೆ ಬಡಿಸಿದ್ದು. ಆದರೆ ಒಂದೇ ಸಲ ನೋಡಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಡೈರಿಯಲ್ಲಿ ಮೂರು ಶನಿವಾರಗಳಿವೆ.

ನಾನು ಯಾರಿಗೂ ಹೇಳಲಿಲ್ಲ. ಒಳ್ಳೆಯತನದಿಂದಲ್ಲ. ಅವನು ಹೋದರೆ ಮುದ್ರೆ ಹೋಗುತ್ತದೆ, ಮುದ್ರೆ ಹೋದರೆ ನನ್ನ ಶನಿವಾರದ ರಜೆ ಹೋಗುತ್ತದೆ. ಸೋಮವಾರ ಎಂದಿನಂತೆ ಅವನ ಹೆಸರಿನ ಮುಂದೆ ಸಹಿ ಹಾಕಿದೆ.

ಅವನು ಬದಲಾದದ್ದು ಯಾವಾಗ? ಬೇಳೆ ಬೇಯುವಾಗಲಾದರೆ ಥರ್ಮಾಮೀಟರ್ ಇಟ್ಟು ಹೇಳಬಹುದು. ಅವನೇ ಹೇಳಿದ್ದನ್ನು ಬರೆಯುತ್ತೇನೆ.

ರಬ್ಬಿಯ ಕಣ್ಣಿಗೆ ಬೀಳಬೇಕೆಂದು ಅವನು ಶನಿವಾರ ಬೆಳಗ್ಗೆ ಬ್ಯಾಥರ್ಸ್ಟ್ ಬೀದಿಯ ಹತ್ತಿರದ ಅವರ ಪ್ರಾರ್ಥನಾಮಂದಿರಕ್ಕೆ ಹೋಗಲು ಶುರುಮಾಡಿದ. ಕಾರನ್ನು ಎರಡು ಬೀದಿ ಆಚೆ ನಿಲ್ಲಿಸಿ, ಅಲ್ಲಿಂದ ಏದುಸಿರು ಬಿಡುತ್ತ ನಡೆದು ಬರುವುದು. ಹತ್ತು ಜನ ಗಂಡಸರು ಸೇರದೆ ಅವರಲ್ಲಿ ಮುಖ್ಯ ಪ್ರಾರ್ಥನೆಗಳು ನಡೆಯುವುದಿಲ್ಲ. ಆ ಪುಟ್ಟ ಮಂದಿರದಲ್ಲಿ ಸೇರುತ್ತಿದ್ದವರು ಒಂಬತ್ತು.

"ಒಳಗ ಕಾಲಿಟ್ಟ ಕೂಡ್ಲೇ ಒಂಬತ್ತ ಮಂದಿ ಎದ್ದ ನಿಂತ್ರು, ಡಾಕ್ಟರ. ನನ್ನ ಮದುವ್ಯಾಗೂ ನನಗ ಯಾರೂ ಕಾಯಲಿಲ್ಲ."

ಪ್ರಾರ್ಥನೆಯ ನಂತರ ಅಲ್ಲಿ ಉಪ್ಪು ಮೀನು, ಒಂದೆರಡು ಗುಟುಕು ವಿಸ್ಕಿ. ಅದಕ್ಕಾಗಿಯೇ ಮತ್ತೆ ಹೋದೆ ಎಂದು ಅವನೇ ಒಪ್ಪಿಕೊಂಡ. ಹೀಗೆ ಒಂದೂವರೆ ವರ್ಷ. ಒಂದು ಚಳಿಗಾಲದ ಶನಿವಾರ, ಎಂಬತ್ತು ದಾಟಿದ ಮುದುಕರೊಬ್ಬರು ಅವನ ತೋಳು ಹಿಡಿದು, "ನಿಮ್ಮ ಮನಿ ನಮ್ಮ ಮನಿ ದಾರಿಯೊಳಗ ಅದ ಅಂತ. ನಡೀರಿ, ಮಾತಾಡ್ಕೋತ ಹೋಗೂಣು" ಎಂದರು. ಸೆಮ್ಯೋನ್‌ಗೆ ಬೇಡವೆನ್ನಲು ಆಗಲಿಲ್ಲ. ತನ್ನ ಕಾರಿನ ಪಕ್ಕದಲ್ಲೇ, ಅದರ ಕಡೆ ನೋಡದೆ, ಮುದುಕರ ಜೊತೆ ಹಿಮದಲ್ಲಿ ಮುಕ್ಕಾಲು ತಾಸು ನಡೆದು ಮನೆ ಮುಟ್ಟಿದ. ಕಾರು ಅಲ್ಲೇ ಉಳಿಯಿತು. ಅದರ ಗಾಜಿನ ಮೇಲೆ ದಂಡದ ಚೀಟಿ ಬಿತ್ತು.

"ಮನೀಗೆ ಬಂದೆ. ಕಾರಿಲ್ಲ. ಎಲ್ಲಿ ಹೋಗೂದು? ಕೂತೆ. ಕಿಟಕಿ ಹೊರಗ ನೋಡಿದೆ. ಹಿಮ ಬೀಳ್ಲಿಕ್ಹತ್ತಿತ್ತು. ಇಡೀ ದಿನ ಸುಮ್ಮ ಕೂತೆ. ಛಲೋ ಅನಸ್ತು. ಮುಂದಿನ ವಾರ ಕಾರು ತರಲೇ ಇಲ್ಲ. ಮುದುಕ ಕಾಯ್ತಿದ್ದ."

ನನಗೆ ಈ ಕಥೆ ತಿಳಿದದ್ದು ಬಹಳ ತಡವಾಗಿ. ಆಗ ಕಂಡದ್ದು ಮಾತ್ರ ಕಾರ್ಖಾನೆಯ ಲಕ್ಷಣಗಳು. ಆ ಚಳಿಗಾಲ ಕಳೆದ ಜೂನ್‌ನಲ್ಲಿ ಸೆಮ್ಯೋನ್ ಶುಕ್ರವಾರ ಐದರವರೆಗೂ ಕೆಲಸ ಮಾಡಿದ. ಹರೀಶ್‌ಭಾಯಿ ಗಾಬರಿಯಾಗಿ ಆರೋಗ್ಯ ವಿಚಾರಿಸಿದರು. ಮದುವೆಯ ಟೋಪಿ ಹೋಗಿ ಸಾದಾ ಕಪ್ಪು ಟೋಪಿ ಬಂತು. ಎಲ್ಲಕ್ಕಿಂತ ದೊಡ್ಡ ತೊಂದರೆ ನನ್ನ ಶೀಟಿಗೆ. ಮೊದಲು ಅವನು ದಿನವೂ ಅಂದವಾಗಿ "6:00" ಎಂದು ಬರೆಯುತ್ತಿದ್ದ. ಈಗ 6:04, 6:11, ಒಂದು ದಿನ "6:19, ಮಲಗಿಬಿಟ್ಟಿದ್ದೆ". ಆಡಿಟರ್ ಬಂದು, ಇದೇನು ನಿಮ್ಮಲ್ಲಿ ಶಿಸ್ತು ಹಾಳಾಗಿದೆಯಲ್ಲ ಎಂದ. ಸುಳ್ಳು ಬರೆಯುತ್ತಿದ್ದಾಗ ನಮಗೆ ಪೂರ್ತಿ ಅಂಕ ಬರುತ್ತಿತ್ತು.

ಹೀಗೇ ಇನ್ನೈದು ವರ್ಷ ಉರುಳಿದವು; ನನ್ನ ನಿವೃತ್ತಿಗೆ ಎರಡು ತಿಂಗಳಿತ್ತು. ಶರತ್ಕಾಲದಲ್ಲಿ ಅವರ ದೊಡ್ಡ ಉಪವಾಸದ ದಿನ ಬರುತ್ತದೆ. ಅದಕ್ಕೆ ಮೊದಲು, ನೋಯಿಸಿದವರ ಬಳಿ ಖುದ್ದಾಗಿ ಹೋಗಿ ಕ್ಷಮೆ ಕೇಳಬೇಕು. ಸೆಮ್ಯೋನ್ ಒಂದು ಪಟ್ಟಿ ಹಿಡಿದು ಲ್ಯಾಬಿಗೆ ಬಂದ.

"ಡಾಕ್ಟರ, ಫ್ರಿಜ್ಜಿನ್ಯಾಗಿನ ನಿಮ್ಮ ಲಿಂಬಿ ಉಪ್ಪಿನಕಾಯಿ ಕದ್ದಾವ ನಾನು."

"ಗೊತ್ತದ."

"ಬಾಗಿಲ ಹತ್ರದ ಪಾರ್ಕಿಂಗ್ ನಿಮಗ ಕೊಡ್ತೀನಂದಿದ್ರು ಅಂತ ನನಗ ಗೊತ್ತಿತ್ತು."

"ಅದನ್ನ ಮಾತ್ರ ನಾ ಕ್ಷಮಿಸಂಗಿಲ್ಲ. ಮುಂದ ಓದು."

ಅವನು ಪಟ್ಟಿ ಮಡಿಸಿದ. "ಮೊದಲಿನ ಎರಡು ವರ್ಷ ನಾ ಶಬ್ಬಾತ್ ಪಾಲಿಸಲಿಲ್ಲ. ಅಂಥಾವ ಹಚ್ಚಿದ ಬೆಂಕಿ ಲೆಕ್ಕಕ್ಕಿಲ್ಲ. ಮಂದಿ ನನ್ನ ಹೆಸರು ನಂಬಿ ಉಂಡಾರ. ಆ ಮುದುಕನೂ ನಮ್ಮ ದಾಲ್ ಉಣತಾನ. ರಬ್ಬಿಗೆ ಹೇಳಬೇಕು."

ನಾನು ಬಾಗಿಲು ಮುಚ್ಚಿದೆ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಮುದ್ರೆ ಹೋಗುತ್ತದೆ, ಅದರ ಜೊತೆ ಆ ದೊಡ್ಡ ಅಂಗಡಿಯ ಆರ್ಡರು, ಅರ್ಧದಷ್ಟು ಜನರ ಶಿಫ್ಟು. ಪ್ರತಿ ಶೀಟಿನ ಕೆಳಗೆ ನನ್ನ ಸಹಿ ಇದೆ, ಮತ್ತು ನನಗೆ ಗೊತ್ತಿತ್ತು. "ಇಷ್ಟು ವರ್ಷ ಸುಮ್ಮ ಇದ್ದಿ, ಈಗೇನಾತು?" ಎಂದೆ. ಆ ಪ್ರಶ್ನೆ ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

"ಮೊದಲ ನನಗ ಏನೂ ಅನಸ್ತಿದ್ದಿಲ್ಲ" ಎಂದ ಅವನು. "ಈಗ ಅನಸ್ತದ."

ವಿಷಯ ತಿಳಿದ ಹರೀಶ್‌ಭಾಯಿ ಅವನ ಕಾಲು ಹಿಡಿಯುವುದೊಂದು ಬಾಕಿ. ಅವನು ಒಪ್ಪದಿದ್ದಾಗ ನನ್ನೆದುರು ಸಿಡಿದರು: "ಮೊದ್ಲು ಕೋಶರ್‌ಗೆ ಸಾಲೋಷ್ಟು ಯಹೂದಿ ಆಗಿರ್ಲಿಲ್ಲ ಇವ್ನು. ಈಗ ಕೋಶರ್ ಉಳಿಯದಷ್ಟು ಯಹೂದಿ ಆಗ್ಬಿಟ್ಟಿದ್ದಾನೆ!"

ಮನೆಯಲ್ಲಿ ನನ್ನ ಗಂಡ ಶ್ರೀಪಾದ ಚಹಾ ಕುಡಿಯುತ್ತ ಎಲ್ಲ ಕೇಳಿದರು. "ನೀ ನಡುವ ಹೋಗಬ್ಯಾಡ. ನಿನ್ನ ಯಾರೂ ಕೇಳಿಲ್ಲ."

"ಗೊತ್ತಿದ್ದೂ ಸಹಿ ಹಾಕೀನಲ್ಲ."

"ಹಂಗಾರ ಡೈರಿ ತಗೊಂಡ ಹೋಗು." ಚಹಾ ಕೆಳಗಿಟ್ಟು ನಕ್ಕರು. "ಅವಂದು ಖರೇ ಹತ್ತೇದ ನೋಡು. ನಿನ್ನ ಏಕಾದಶಿ ಹಂಗಲ್ಲ. ಬ್ಲಡ್ ರಿಪೋರ್ಟ್ ಬಂದ ಮರುದಿನಾನ ನಿನಗ ವಿಷ್ಣು ನೆನಪಾದಾ."

ಇದು ನಿಜವೇ ಎಂದು ಡೈರಿಯಲ್ಲಿ ನೋಡಿದೆ. ರಿಪೋರ್ಟು ಬಂದದ್ದು ದಶಮಿಯ ದಿನ.

ಮರುದಿನ ಆಫೀಸಿನಲ್ಲಿ ನಾಲ್ವರು ಕೂತೆವು: ರಬ್ಬಿ, ಹರೀಶ್‌ಭಾಯಿ, ಸೆಮ್ಯೋನ್, ಕೈಚೀಲ ಮಡಿಲಲ್ಲಿಟ್ಟುಕೊಂಡ ನಾನು. ಸೆಮ್ಯೋನ್ ಒಂದೇ ಉಸಿರಿಗೆ ಎಲ್ಲ ಹೇಳಿದ. ಕೊನೆಗೆ, "ಇದು ನನಗೊಬ್ಬನಿಗೇ ಗೊತ್ತಿತ್ರಿ. ಮತ್ತ್ಯಾರಿಗೂ ಗೊತ್ತಿದ್ದಿಲ್ಲ" ಎಂದ.

ಮಾಲಿನಲ್ಲಿ ಅವನು ನನ್ನನ್ನು ನೋಡಿದ್ದ. ನನಗಾಗಿ ಸುಳ್ಳು ಹೇಳುತ್ತಿದ್ದ, ಅದೂ ಆ ಉಪವಾಸಕ್ಕೆ ಮೂರು ದಿನ ಇರುವಾಗ. ನಾನು ಚೀಲದಿಂದ ಡೈರಿ ತೆಗೆದೆ. "ನನಗ ಗೊತ್ತಿತ್ರಿ. ಮೂರು ಶನಿವಾರ ನೋಡೀನಿ. ಇಲ್ಲೇ ಬರದೀನಿ." ಹರೀಶ್‌ಭಾಯಿ ಕಣ್ಣು ಮುಚ್ಚಿಕೊಂಡರು.

ರಬ್ಬಿಯವರು ಡೈರಿಯನ್ನು ಮುಟ್ಟಲಿಲ್ಲ. "ಮೇಡಂ, ನೀವು ಸ್ನಾನ ಮಾಡಿ ಒಲೆ ಹಚ್ಚಿದ್ದು ನೆನಪಿದೆಯೇ?"

"ಮರಿಯೂ ಹಂಗದ ಏನ್ರಿ ಅದು?"

"ಆಮೇಲೆ ಪೈಲಟ್ ಹಾಕಿಸಿದೆನಲ್ಲ. ಅದನ್ನು ಹಚ್ಚಿದವನು ನಾನು. ವರ್ಷಕ್ಕೊಂದು ಸಲ ಗ್ಯಾಸ್ ಮುಚ್ಚಿದಾಗಲೂ ಬಂದು ಹಚ್ಚಿದವನು ನಾನೇ. ಅಂದಿನಿಂದ ಈ ಒಲೆಗಳಲ್ಲಿ ಹತ್ತಿದ ಬೆಂಕಿಯೆಲ್ಲ ನಾನು ಹಚ್ಚಿದ ಬೆಂಕಿಯಿಂದ ಹತ್ತಿದ್ದು. ಬಟನ್ ಯಾರು ಒತ್ತಿದರೂ ಒಂದೇ. ದಾಲ್‌ಗೆ ಏನೂ ಆಗಿಲ್ಲ."

ಸೆಮ್ಯೋನ್ ಬಾಯಿ ತೆರೆದ. "ಪೈಲಟ್ ಕೂಡಿಸಿದಾವ ನಾನು! ಸೇಫ್ಟಿಗೆ ಅಂದ್ರಿ!"

"ಸುರಕ್ಷತೆಗೇ. ನಿಮ್ಮಿಂದ ಸುರಕ್ಷತೆ. ಮೊದಲನೇ ತಿಂಗಳು ಶಬ್ಬಾತ್ ಹೇಗಿತ್ತು ಅಂತ ಕೇಳಿದೆ. ಬಹಳ ಬಿಜಿ ಇತ್ತು ಅಂದಿರಿ. ಆಮೇಲೆ ಸರಿಹೋದೀತೆಂದು ಒಂದು ವಾರ ನಿಮ್ಮನ್ನು ನಂಬಿದೆ. ಅದು ನನ್ನ ತಪ್ಪು. ಆ ವಾರದ ಸರಕನ್ನೆಲ್ಲ ಅದಕ್ಕೇ ತೆಗೆಸಿದ್ದು."

ಹರೀಶ್‌ಭಾಯಿ ಎದ್ದು ರಬ್ಬಿಯವರನ್ನು ಅಪ್ಪಿಕೊಳ್ಳಲು ಹೋಗಿ, ಗಡ್ಡ ನೋಡಿ, ನನ್ನ ಕೈ ಕುಲುಕಿದರು.

ಸೆಮ್ಯೋನ್ ಮಾತ್ರ ಕುರ್ಚಿಯಲ್ಲಿ ಕುಸಿದಿದ್ದ. "ಎಂಟು ವರ್ಷ. ಐದೂವರೆಗೆ. ಆ ಹಿಮದಾಗ. ಏನೂ ಉಪಯೋಗ ಇಲ್ಲದ ಬಟನ್ ಒತ್ತಲಿಕ್ಕೆ?"

"ಏನೂ ಉಪಯೋಗ ಇಲ್ಲದ್ದು. ಹೌದು."

"ಮತ್ತ ನನ್ನ ಯಾಕ ಇಟ್ಕೊಂಡ್ರಿ?"

ರಬ್ಬಿಯವರು ಮೊದಲ ಸಲ ಸ್ವಲ್ಪ ಮುಜುಗರಪಟ್ಟರು. "ನನ್ನದೂ ಒಂದು ಸ್ವಾರ್ಥ ಇತ್ತು. ಮಂದಿರದಲ್ಲಿ ಒಂಬತ್ತೇ ಜನ ಇದ್ದೆವು."

"ಹಂಗಾರ ನಾಳಿಂದ ನಾ ಬರೂದು ಬ್ಯಾಡ?"

"ಅವಶ್ಯಕತೆ ಇಲ್ಲ. ಶೀಟೂ ಬೇಡ, ಮೇಡಂ. ನಿಜ ಹೇಳಬೇಕೆಂದರೆ ಎಂದೂ ಬೇಕಿರಲಿಲ್ಲ." ಎಂಟು ವರ್ಷದ ನನ್ನ ಸಹಿಗಳಿಗೆ ಆ ಕ್ಷಣದಲ್ಲಿ ಏನಾಯಿತೆಂದು ಕ್ವಾಲಿಟಿಯವರಿಗೆ ವಿವರಿಸಬೇಕಾಗಿಲ್ಲ. ಹರೀಶ್‌ಭಾಯಿ ಅಲ್ಲೇ ಸೆಮ್ಯೋನ್‌ನ ಶಿಫ್ಟನ್ನು ಎಂಟು ಗಂಟೆಗೆ ಬದಲಿಸಿದರು. ಅವನು ಟೋಪಿ ಸರಿಮಾಡಿಕೊಂಡು ಎದ್ದು ಹೋದ.

ಮರುದಿನ ನಾನು ಎಂದಿಗಿಂತ ಬೇಗ ಹೊರಟೆ. ಕುತೂಹಲ, ಬೇರೇನಿಲ್ಲ. ಕಾರ್ಖಾನೆ ಮುಟ್ಟಿದಾಗ ಆರಕ್ಕೆ ಇನ್ನೂ ಹದಿನೈದು ನಿಮಿಷ. ಬಾಗಿಲ ಹತ್ತಿರದ ಜಾಗ ಖಾಲಿ ಇತ್ತು. ಅವನು ಬಂದಿಲ್ಲ ಎಂದುಕೊಂಡೆ. ಎಂಟು ವರ್ಷದ ಮೇಲೆ ಮೊದಲ ಸಲ ಆ ಜಾಗದಲ್ಲಿ ಕಾರು ನಿಲ್ಲಿಸಿ ಇಳಿದಾಗ, ಅಂಗಳದ ಕಟ್ಟಕಡೆಯಲ್ಲಿ ಬೇಲಿಯ ಪಕ್ಕ ಅವನ ಹಳೆಯ ಕಾರು ಕಂಡಿತು.

ಒಳಗೆ ಸೆಮ್ಯೋನ್ ಒಲೆಗಳ ಮುಂದೆ ನಿಂತಿದ್ದ. ನನ್ನ ಕೈ ಅಭ್ಯಾಸದಂತೆ ಗೋಡೆಯ ಮೇಲಿನ ಶೀಟಿನ ಕಡೆ ಹೋಯಿತು.

"ಅದು ಬ್ಯಾಡಂತಲ್ರಿ, ಡಾಕ್ಟರ."

"ನೀನೂ ಬ್ಯಾಡಂತಲ್ಲ. ಮತ್ತ ಯಾಕ ಬಂದಿ?"

ಅವನು ಬಗ್ಗಿ ಒಂದೊಂದೇ ಬಟನ್ ಒತ್ತಿದ. ನಾಲ್ಕೂ ಒಲೆ ಹತ್ತಿದವು. ಪೆನ್ನು ನನ್ನ ಕೈಯಲ್ಲೇ ಇತ್ತು.

ಇದನ್ನು ಬರೆಯುವ ಮೊದಲು ಆ ದಿನದ ಡೈರಿ ತೆಗೆದು ನೋಡಿದೆ. ಪುಟ ಖಾಲಿ ಇದೆ. ಯಾಕೆ ಬರೆಯಲಿಲ್ಲವೋ ತಿಳಿಯದು. ಶೀಟಿನಲ್ಲೂ ಇಲ್ಲ, ಡೈರಿಯಲ್ಲೂ ಇಲ್ಲ. ಇರುವುದು ನನ್ನ ನೆನಪೊಂದೇ, ಅದು ನೂಡಲ್ಸಿಗೆ ಸಿಗಡಿ ಹಾಕುವಂಥದು. ನಮ್ಮ ವೃತ್ತಿಯ ನಿಯಮದ ಪ್ರಕಾರ ಆ ಬೆಳಗ್ಗೆ ಅಲ್ಲಿ ಏನೂ ನಡೆದಿಲ್ಲ.

ಬೇಳೆ ಮಾತ್ರ ಬೆಂದಿತ್ತು. ನಾನೇ ತಿಂದು ನೋಡಿದ್ದೇನೆ.